ಒಂಟಿಗಾಲಿಯ ಕೈಗಾಡಿ: ಯಾವುದನ್ನು ಕೊಳ್ಳಬೇಕು, ಯಾರನ್ನು ಕೇಳಿ ಕೊಳ್ಳಬೇಕು

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಮಿಂಚಂಚೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಳು. ಬಹುಕಾಲ ಕಾದ ಮೇಲೆ ಆಕೆಗೆ ಅಲ್ಲಿ ತರಕಾರಿ ಬೆಳೆಯಲು ಒಂದು ತುಂಡು ನೆಲ ಬಾಡಿಗೆಗೆ ದೊರೆತಿದೆ. ಗೊಬ್ಬರ, ಮಣ್ಣು, ಕಳೆ ಇವನ್ನೆಲ್ಲ ಸಾಗಿಸಲು ಒಂದು ಕೈಗಾಡಿ ಬೇಕು. ಗಟ್ಟಿಯಾಗಿರಬೇಕು, ಬೆಲೆಯೂ ಕೈಗೆಟುಕುವಂತಿರಬೇಕು. "ಮೇಷ್ಟ್ರೇ, ಸನ್ನೆಯ ಪಾಠದಲ್ಲಿ ಈ ಗಾಡಿಯ ಚಿತ್ರವನ್ನು ಹಲಗೆಯ ಮೇಲೆ ಬರೆದವರು ನೀವು. ಯಾವುದನ್ನು ಕೊಳ್ಳಲಿ ಎಂದು ಈಗ ನೀವೇ ಹೇಳಬೇಕು" ಎಂದು ಬರೆದಿದ್ದಳು.

ಮನೆಯಲ್ಲಿ ಈ ವಿಷಯವಾಗಿ ಆಗಲೇ ಮೂರು ಪಕ್ಷಗಳು ಹುಟ್ಟಿಕೊಂಡಿವೆಯಂತೆ. ನೆಲವೇ ನಮ್ಮದಲ್ಲ, ನಾಳೆ ಬಿಟ್ಟುಕೊಡಬೇಕಾಗಬಹುದು. ಆದ್ದರಿಂದ ಇರುವುದರಲ್ಲಿ ಅಗ್ಗವಾದ ಪ್ಲಾಸ್ಟಿಕ್ ಗಾಡಿ ಸಾಕು ಎಂಬುದು ಆಕೆಯ ಪತಿಯ ಪಕ್ಷ. ಎರಡು ಗಾಲಿಯದಾದರೆ ಮಗುಚುವುದಿಲ್ಲ, ಪಂಕ್ಚರ್ ಆಗದ ಗಟ್ಟಿ ಟೈರು ಇದ್ದರೆ ಗಾಳಿ ತುಂಬುವ ಗೋಳಿಲ್ಲ ಎಂಬುದು ಕಾಲೇಜಿಗೆ ಹೋಗುವ ಮಗನ ಪಕ್ಷ. ಕಟ್ಟಡದ ಕೆಲಸದವರು ಬಳಸುವ ಒಂಟಿಗಾಲಿಯ ಉಕ್ಕಿನ ಗಾಡಿಯನ್ನು ಒಮ್ಮೆ ಕೊಂಡುಬಿಡಿ, ಮತ್ತೆ ಕೊಳ್ಳುವ ಮಾತೇ ಇರುವುದಿಲ್ಲ ಎಂಬುದು ಪಕ್ಕದ ಪಾತಿಯ ಮುದುಕರೊಬ್ಬರ ಪಕ್ಷ. ನನ್ನ ಮತ ಆ ಮುದುಕರ ಕಡೆಗೆ. ಆದರೆ ಅದಕ್ಕೊಂದು ಷರತ್ತಿದೆ. ಅದನ್ನು ಮುಂದೆ ಹೇಳುತ್ತೇನೆ. ಆಕೆಗೆ ಬರೆದ ಉತ್ತರವನ್ನೇ ಹಿಗ್ಗಿಸಿ, ಆಕೆಯ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ. ಊರಿನಲ್ಲಿ ತೋಟ, ಹಿತ್ತಲು ಇರುವ ನಿಮ್ಮಲ್ಲಿ ಅನೇಕರಿಗೂ ಇದು ಸಂಬಂಧಿಸಿದ ಮಾತು.

ಮೊದಲು ಆ ನೆಲದ ವಿಚಾರ. ಅಲ್ಲಿ ಅದನ್ನು ಅಲಾಟ್‌ಮೆಂಟ್ ಎನ್ನುತ್ತಾರೆ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಹಳ್ಳಿಗಳ ಸಾಮೂಹಿಕ ನೆಲಗಳಿಗೆಲ್ಲ ಬೇಲಿ ಬಿದ್ದು ಅವು ಭೂಮಾಲೀಕರ ಪಾಲಾದಾಗ, ನೆಲವಿಲ್ಲದೆ ಉಳಿದ ಬಡವರಿಗೆ ಆಲೂಗೆಡ್ಡೆ, ಕೋಸು ಬೆಳೆದುಕೊಳ್ಳಲು ಚಿಕ್ಕ ಚಿಕ್ಕ ತುಂಡುಗಳನ್ನು ಕೊಡುವ ಪದ್ಧತಿ ಬೆಳೆದುಬಂತು. 1908ರ ಕಾಯಿದೆಯು ಹೀಗೆ ನೆಲ ಒದಗಿಸುವುದನ್ನು ಸ್ಥಳೀಯ ಆಡಳಿತಗಳ ಕರ್ತವ್ಯವನ್ನಾಗಿ ಮಾಡಿತು. 1922ರ ಕಾಯಿದೆಯು ಇಂತಹ ತೋಟ ಹಿಡಿದವನು ಮುಖ್ಯವಾಗಿ ತನ್ನ ಮತ್ತು ತನ್ನ ಕುಟುಂಬದ ಊಟಕ್ಕಾಗಿ ತರಕಾರಿ, ಹಣ್ಣು ಬೆಳೆಯತಕ್ಕದ್ದು ಎಂದು ವಿವರಿಸಿತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳಲ್ಲಿ ಆಹಾರ ಬರುವುದು ಕಷ್ಟವಾದಾಗ ಅಲ್ಲಿನ ಸರ್ಕಾರ, ಗೆಲುವಿಗಾಗಿ ನೆಲ ಅಗೆಯಿರಿ ಎಂದು ಪ್ರಚಾರ ಮಾಡಿತು. ಉದ್ಯಾನಗಳೂ ಆಟದ ಮೈದಾನಗಳೂ ತರಕಾರಿ ಪಾತಿಗಳಾದವು. ಇಂದು ಹಸಿವಿಗಾಗಿ ಬೆಳೆಯುವವರು ಕಡಿಮೆ. ಆದರೂ ಅನೇಕ ಊರುಗಳಲ್ಲಿ ಕಾಯುವವರ ಪಟ್ಟಿ ಉದ್ದವಾಗಿಯೇ ಇದೆ.

ಒಂದು ಪೂರ್ಣ ತುಂಡು ಎಂದರೆ ಸಂಪ್ರದಾಯದಂತೆ 10 ರಾಡ್. ಇದನ್ನು ಕೇಳಿ ಹೆದರಬೇಕಾಗಿಲ್ಲ. ಎಕರೆಗೆ 160 ರಾಡ್, ನಮ್ಮ ಲೆಕ್ಕದಲ್ಲಿ ಎಕರೆಗೆ 40 ಗುಂಟೆ. ಅಂದರೆ ನಾಲ್ಕು ರಾಡಿಗೆ ಒಂದು ಗುಂಟೆ. ಹತ್ತು ರಾಡಿಗೆ ಸರಿಯಾಗಿ ಎರಡೂವರೆ ಗುಂಟೆ. ನಮ್ಮ ಕಡೆ ಮನೆಯ ಹಿಂದಿನ ಹಿತ್ತಲು ಎಷ್ಟಿರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ. 2011ರ ಬೇಸಿಗೆಯಲ್ಲಿ ನಾನು ಮಗನ ಮನೆಯಲ್ಲಿ ಎರಡು ತಿಂಗಳಿದ್ದಾಗ ದಿನವೂ ಇಂತಹ ತೋಟಗಳ ಪಕ್ಕದಲ್ಲಿ ನಡೆದಾಡುತ್ತಿದ್ದೆ. ಮೆಂತ್ಯ, ಕೊತ್ತಂಬರಿ, ಕುಂಬಳದ ಬಳ್ಳಿಗಳನ್ನು ಕಂಡು, ಇದು ನಮ್ಮವರ ಪಾತಿ ಎಂದು ದೂರದಿಂದಲೇ ಗುರುತಿಸುತ್ತಿದ್ದೆ. ಅಲ್ಲಿ ನಾನು ನೋಡಿದ ಇನ್ನೊಂದು ಸಂಗತಿಯೆಂದರೆ, ಗೊಬ್ಬರದ ರಾಶಿ ಪಾತಿಯ ಬಳಿ ಇರುವುದಿಲ್ಲ. ಲಾರಿ ಒಳಗೆ ಬರಲಾರದು. ಗೊಬ್ಬರವನ್ನು ಗೇಟಿನ ಹತ್ತಿರ ಸುರಿದು ಹೋಗುತ್ತಾರೆ. ಅಲ್ಲಿಂದ ಮುಂದಿನದು ಕೈಗಾಡಿಯ ಪಾಡು.

ಇಲ್ಲಿ ಒಂದು ಲೆಕ್ಕ ಮಾಡೋಣ. ನೀವೆಲ್ಲ ನನ್ನ ಮುಂದೆ ಲೆಕ್ಕ ಮಾಡಿದವರೇ. ಎರಡೂವರೆ ಗುಂಟೆಯಲ್ಲಿ ದಾರಿ, ಗುಡಿಸಲು, ಹಣ್ಣಿನ ಗಿಡಗಳನ್ನು ಕಳೆದು ಒಂದು ಗುಂಟೆಗೆ ಮಾತ್ರ, ಅಂದರೆ ಸುಮಾರು 100 ಚದರ ಮೀಟರಿಗೆ, ಐದು ಸೆಂಟಿಮೀಟರ್ ದಪ್ಪ ಗೊಬ್ಬರ ಹರಡುತ್ತೇವೆ ಎಂದುಕೊಳ್ಳಿ. ಅದು ಐದು ಘನ ಮೀಟರ್, ಎಂದರೆ 5,000 ಲೀಟರ್ ಆಯಿತು. ಗೇಟಿನಿಂದ ಪಾತಿಗೆ 60 ಮೀಟರ್ ಇದ್ದರೆ ಹೋಗಿ ಬರಲು 120 ಮೀಟರ್. ಹದಿನೈದು ಲೀಟರಿನ ಬಕೆಟಿನಲ್ಲಿ ಹೊತ್ತರೆ 333 ಸಲ ಓಡಾಡಬೇಕು. ನಡಿಗೆ 40 ಕಿಲೋಮೀಟರ್. ಎಂಬತ್ತು ಲೀಟರ್ ಹಿಡಿಯುವ ಕೈಗಾಡಿಯಲ್ಲಾದರೆ 63 ಸಲ. ನಡಿಗೆ ಏಳೂವರೆ ಕಿಲೋಮೀಟರ್. ಒಂದನ್ನು ಒಂದು ವಾರ ಮಾಡಿ ಹಾಸಿಗೆ ಹಿಡಿಯಬಹುದು. ಇನ್ನೊಂದನ್ನು ಎರಡು ಮೂರು ದಿನಗಳ ಸಂಜೆಗಳಲ್ಲಿ ಮುಗಿಸಿ ಕಾಫಿ ಕುಡಿಯಬಹುದು. ಆದ್ದರಿಂದ ಗಾಡಿ ಬೇಕೇ ಎಂಬ ಪ್ರಶ್ನೆ ಇಲ್ಲ. ಎಂತಹ ಗಾಡಿ ಎಂಬುದೊಂದೇ ಪ್ರಶ್ನೆ.

ಅದಕ್ಕೆ ಉತ್ತರ ಸನ್ನೆಯ ಪಾಠದಲ್ಲಿಯೇ ಇದೆ. ಕೈಗಾಡಿಯು ಎರಡನೆಯ ವರ್ಗದ ಸನ್ನೆ. ಅಜ್ಜಿಯ ಅಡಕತ್ತರಿಯ ಜಾತಿಯದು. ಅಡಕತ್ತರಿಯಲ್ಲಿ ಕೀಲು ಒಂದು ತುದಿ, ಕೈ ಇನ್ನೊಂದು ತುದಿ, ಅಡಕೆ ನಡುವೆ. ಅಡಕೆಯನ್ನು ಕೀಲಿನ ಹತ್ತಿರಕ್ಕೆ ಸರಿಸಿದಷ್ಟೂ ಸುಲಭವಾಗಿ ತುಂಡಾಗುತ್ತದೆ. ಕೈಗಾಡಿಯಲ್ಲಿ ಗಾಲಿಯ ಅಚ್ಚೇ ಕೀಲು, ಹಿಡಿಗಳೇ ಕೈ, ಹೊರೆಯೇ ಅಡಕೆ. ಹೊರೆ 60 ಕಿಲೋ ಎನ್ನಿ. ಅಚ್ಚಿನಿಂದ ಹಿಡಿಗೆ 135 ಸೆಂಟಿಮೀಟರ್, ಅಚ್ಚಿನಿಂದ ಹೊರೆಯ ಮಧ್ಯಕ್ಕೆ 45 ಸೆಂಟಿಮೀಟರ್ ಇದ್ದರೆ ನಾವು ಎತ್ತಬೇಕಾದುದು 20 ಕಿಲೋ, ಒಂದೊಂದು ಕೈಗೆ ಹತ್ತು. ಅದೇ ಹೊರೆ ಹಿಂದಕ್ಕೆ ಸರಿದು ಅಚ್ಚಿನಿಂದ 75 ಸೆಂಟಿಮೀಟರ್ ದೂರವಾದರೆ ಎತ್ತಬೇಕಾದುದು 33 ಕಿಲೋ. ಹೊರೆ ಅದೇ, ಗಾಡಿ ಅದೇ. ಸೊಂಟಕ್ಕೆ ಬೀಳುವ ಭಾರ ಮಾತ್ರ ಬೇರೆ. ಅಂಗಡಿಯಲ್ಲಿ ಗಾಡಿಯನ್ನು ನೋಡುವಾಗ ತಟ್ಟೆ ಎಷ್ಟು ದೊಡ್ಡದು ಎಂದು ನೋಡುವುದಕ್ಕಿಂತ ಮೊದಲು, ಅದು ಗಾಲಿಯ ಮೇಲಕ್ಕೆ ಎಷ್ಟು ಬಾಗಿ ಕುಳಿತಿದೆ, ಹಿಡಿಗಳು ಎಷ್ಟು ಉದ್ದವಾಗಿವೆ ಎಂದು ನೋಡಬೇಕು. ತುಂಬುವಾಗಲೂ ಭಾರವಾದುದನ್ನು ಮುಂದಕ್ಕೆ ಹಾಕಬೇಕು.

ಚೀನೀಯರು ಇದನ್ನು ಯುರೋಪಿನವರಿಗಿಂತ ಬಹಳ ಮೊದಲೇ ಕಂಡುಕೊಂಡಿದ್ದರು. ಅವರ ಒಂದು ಬಗೆಯ ಕೈಗಾಡಿಯಲ್ಲಿ ದೊಡ್ಡ ಗಾಲಿಯೊಂದು ನಡುವೆಯೇ ಇದ್ದು, ಹೊರೆಯೆಲ್ಲ ಅದರ ಮೇಲೆ ಮತ್ತು ಅಕ್ಕಪಕ್ಕದಲ್ಲಿ ಕೂರುತ್ತಿತ್ತು. ಭಾರವನ್ನು ಗಾಲಿ ಹೊರುತ್ತಿತ್ತು. ಮನುಷ್ಯ ತೂಕ ತಪ್ಪದಂತೆ ನಡೆಸುತ್ತಿದ್ದ, ಅಷ್ಟೆ. ಮಧ್ಯಯುಗದ ಯುರೋಪಿನ ಗಾಡಿಯಲ್ಲಿ ಗಾಲಿ ಮುಂದಕ್ಕೆ ಹೋಯಿತು. ಅದರಿಂದ ತಟ್ಟೆ ತಗ್ಗಿತು, ತುಂಬುವುದೂ ಸುರಿಯುವುದೂ ಸುಲಭವಾಯಿತು. ಆದರೆ ಭಾರದ ಒಂದು ಪಾಲು ಮನುಷ್ಯನ ಕೈಗೆ ಬಂತು. ಇಂದು ನಾವು ಅಂಗಡಿಯಲ್ಲಿ ಕಾಣುವುದೆಲ್ಲ ಈ ಎರಡನೆಯ ವಂಶದ ಗಾಡಿಗಳೇ.

ಈಗ ಗಾಲಿಯ ಮಾತು. ಒಂದೋ ಎರಡೋ? ಎರಡು ಗಾಲಿಯ ಗಾಡಿ ಸಮತಟ್ಟಾದ ಅಂಗಳದಲ್ಲಿ, ಅಗಲವಾದ ಹಾದಿಯಲ್ಲಿ ಬಹಳ ಒಳ್ಳೆಯದು. ನಿಲ್ಲಿಸಿದಾಗಲೂ ತಳ್ಳುವಾಗಲೂ ಸುಲಭವಾಗಿ ಮಗುಚುವುದಿಲ್ಲ. ಆದರೆ ತರಕಾರಿ ಪಾತಿಗಳ ನಡುವಿನ ದಾರಿ ಎರಡಡಿಗಿಂತ ಅಗಲ ಇರುವುದು ಅಪರೂಪ. ಅಲ್ಲಿ ಎರಡು ಗಾಲಿ ಹಿಡಿಸುವುದಿಲ್ಲ. ಹಿಡಿಸಿದರೂ ಒಂದು ಗಾಲಿ ದಾರಿಯಲ್ಲಿ, ಇನ್ನೊಂದು ಕೋಸಿನ ಮೇಲೆ. ನೆಲ ಓರೆಯಾಗಿದ್ದರೆ ಎರಡು ಗಾಲಿಯ ಗಾಡಿಯೂ ಓರೆಯಾಗಿಯೇ ಸಾಗುತ್ತದೆ. ಒಂಟಿಗಾಲಿಯದನ್ನು ನಮ್ಮ ಕೈಗಳಿಂದ ನೆಟ್ಟಗೆ ಇರಿಸಿಕೊಳ್ಳಬಹುದು. ಕೆಸರಿನ ಮೇಲೆ ಒಂದು ಹಲಗೆ ಹಾಸಿದರೆ ಸಾಕು, ಒಂಟಿಗಾಲಿ ಅದರ ಮೇಲೆ ಹಾದುಹೋಗುತ್ತದೆ. ಆದ್ದರಿಂದ ತರಕಾರಿ ತೋಟಕ್ಕೆ ಒಂಟಿಗಾಲಿಯೇ ಸರಿ.

ಟೈರು ಗಾಳಿಯದೋ ಗಟ್ಟಿಯದೋ? ಗಟ್ಟಿ ಟೈರಿಗೆ ಮುಳ್ಳಿನ ಭಯವಿಲ್ಲ ಎಂಬುದು ನಿಜ. ಆದರೆ ಗಾಳಿಯ ಟೈರು ಕಲ್ಲು, ಬೇರು ಅಡ್ಡ ಬಂದಾಗ ತಾನು ಒತ್ತಿಕೊಂಡು ದಾಟುತ್ತದೆ. ಗಟ್ಟಿ ಟೈರಿನ ಪೆಟ್ಟು ಹಿಡಿಯವರೆಗೆ ಬಂದು ಮಣಿಕಟ್ಟಿಗೆ, ಭುಜಕ್ಕೆ ತಾಗುತ್ತದೆ. ಇಂಗ್ಲೆಂಡಿನ ಮಣ್ಣು ವರ್ಷದ ಅರ್ಧ ಭಾಗ ಒದ್ದೆ. ಅಗಲವಾದ ಗಾಳಿಯ ಟೈರು ಅಷ್ಟಾಗಿ ಹೂಳುವುದಿಲ್ಲ. ಜೇಮ್ಸ್ ಡೈಸನ್ ಎಂಬ ತಯಾರಕರು 1974ರಲ್ಲಿ ಗಾಲಿಯ ಬದಲು ದೊಡ್ಡ ಚೆಂಡನ್ನೇ ಜೋಡಿಸಿದ ಕೈಗಾಡಿಯನ್ನು ಮಾರುಕಟ್ಟೆಗೆ ತಂದದ್ದು ಈ ಹೂಳುವ ಕಾಟದಿಂದಲೇ. ಪಂಕ್ಚರ್ ಆದರೆ ಒಳಗಿನ ಟ್ಯೂಬು ಬದಲಾಯಿಸುವುದು ಸೈಕಲ್ ತುಳಿದ ಯಾರಿಗೂ ಬರುವ ವಿದ್ಯೆ. ಗಾಳಿ ಎಷ್ಟಿರಬೇಕು ಎಂಬುದು ಟೈರಿನ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ. ಪೆಟ್ರೋಲ್ ಬಂಕಿನ ಯಂತ್ರದಿಂದ ಕಾರಿಗೆ ತುಂಬಿದಂತೆ ತುಂಬಬಾರದು, ಚಕ್ರವೇ ಸಿಡಿಯಬಹುದು. ಸೈಕಲ್ ಪಂಪಿನಿಂದ ಕೈಯಲ್ಲಿ ತುಂಬುವುದೇ ಲೇಸು. ಬೇಲಿಯ ಮುಳ್ಳು ವಿಪರೀತವಾಗಿರುವ ಕಡೆ ಮಾತ್ರ ಮಗನ ಪಕ್ಷವನ್ನು ಒಪ್ಪಬಹುದು.

ನಮ್ಮ ಎತ್ತಿನ ಗಾಡಿಯ ಕಾಲದವರು ಗಾಡಿ ಕೊಳ್ಳುವಾಗ ಮೇಲಿನ ಬಣ್ಣ ನೋಡುತ್ತಿರಲಿಲ್ಲ. ಅಚ್ಚು ನೋಡುತ್ತಿದ್ದರು, ಕಡಾಣಿ ನೋಡುತ್ತಿದ್ದರು, ಕೀಲೆಣ್ಣೆ ಹಾಕಲು ಸ್ಥಳ ಹೇಗಿದೆ ಎಂದು ಕೇಳುತ್ತಿದ್ದರು. ಕೈಗಾಡಿಗೂ ಅದೇ ಕಣ್ಣು ಬೇಕು. ಗಾಡಿಯನ್ನು ತಲೆಕೆಳಗು ಮಾಡಿ ಗಾಲಿಯನ್ನು ತಿರುಗಿಸಿ ನೋಡಬೇಕು. ಅಡ್ಡಡ್ಡ ಅಲುಗಿದರೆ ಬೇಡ. ಅಚ್ಚು ಬೋಲ್ಟಿನಿಂದ ಬಿಗಿದಿರಬೇಕೇ ಹೊರತು ಬೆಸುಗೆ ಹಾಕಿ ಮುಚ್ಚಿರಬಾರದು. ಸವೆದಾಗ ಬದಲಾಯಿಸಲು ಬರಬೇಕು. ಟೈರಿನ ಮೇಲೆ 3.50-8 ಅಥವಾ 4.00-8 ಎಂದು ಬರೆದಿದ್ದರೆ ಅದು ಬಹಳ ಬಳಕೆಯಲ್ಲಿರುವ ಅಳತೆ, ಟ್ಯೂಬೂ ಟೈರೂ ಸುಲಭವಾಗಿ ಸಿಗುತ್ತವೆ. ಇಡೀ ಗಾಲಿಯನ್ನೇ ಬದಲಾಯಿಸುವಾಗ ಮಾತ್ರ ಹಳೆಯದನ್ನು ಅಂಗಡಿಗೆ ಒಯ್ಯಬೇಕು, ಏಕೆಂದರೆ ಅಚ್ಚಿನ ದಪ್ಪ ಒಂದೊಂದರಲ್ಲಿ ಒಂದೊಂದು ಬಗೆ.

ಆಮೇಲೆ ಚೌಕಟ್ಟು. ಒಂದು ಹಿಡಿಯಿಂದ ಹೊರಟ ಕೊಳವೆ ಗಾಲಿಯ ಮುಂದೆ ಸುತ್ತಿ ಇನ್ನೊಂದು ಹಿಡಿಯವರೆಗೆ ಒಂದೇ ತುಂಡಾಗಿ ಬಂದಿದ್ದರೆ ಅದು ಉತ್ತಮ. ನಾಲ್ಕಾರು ತುಂಡುಗಳನ್ನು ಜೋಡಿಸಿದ ಚೌಕಟ್ಟು ಜೋಡಣೆಯ ಜಾಗದಲ್ಲಿಯೇ ಸಡಿಲವಾಗುತ್ತದೆ, ನೀರು ಸೇರಿ ಅಲ್ಲಿಯೇ ತುಕ್ಕು ಹಿಡಿಯುತ್ತದೆ. ಕಾಲುಗಳಿಗೆ ಅಡ್ಡಪಟ್ಟಿ ಇದೆಯೇ ನೋಡಬೇಕು. ಗಾಲಿಯ ಮುಂದಿನ ಬಾಗು ಕೂಡ ಅಲಂಕಾರಕ್ಕಲ್ಲ. ಗಾಡಿಯನ್ನು ಮುಂದಕ್ಕೆ ಎತ್ತಿ ಸುರಿಯುವಾಗ ಅದೇ ನೆಲಕ್ಕೆ ಊರಿ ನಿಲ್ಲುತ್ತದೆ.

ಕೊನೆಯಲ್ಲಿ ತಟ್ಟೆ. ಬಣ್ಣ ಬಳಿದ ತಗಡು ಒಂದು ಗೀರು ಬಿದ್ದ ಕಡೆಯಿಂದ ತುಕ್ಕು ಹಿಡಿಯುತ್ತದೆ. ಸತುವಿನ ಲೇಪ ಕೊಟ್ಟ ತಗಡಿಗೆ ಗೀರು ಬಿದ್ದರೂ ಸುತ್ತಲಿನ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಹತ್ತನೆಯ ತರಗತಿಯ ರಸಾಯನಶಾಸ್ತ್ರ ನೆನಪಿರಬೇಕು. ಪ್ಲಾಸ್ಟಿಕ್ ತಟ್ಟೆ ಹಗುರ, ತುಕ್ಕಿಲ್ಲ, ಹಸಿ ಗೊಬ್ಬರಕ್ಕೂ ಜಗ್ಗುವುದಿಲ್ಲ. ಆದರೆ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದು ಪೆಡಸಾದ ಮೇಲೆ, ಚಳಿಯ ದಿನ ಒಂದು ಕಲ್ಲು ಬಿದ್ದರೆ ಸೀಳುತ್ತದೆ. ಸೀಳಿದ ಮೇಲೆ ಅದಕ್ಕೆ ಬೆಸುಗೆಯಿಲ್ಲ. ಅಳತೆ 80ರಿಂದ 90 ಲೀಟರ್ ಸಾಕು. ಕಳಿತ ಗೊಬ್ಬರವಾದರೆ ಅಷ್ಟು ತುಂಬಿ ತಳ್ಳಬಹುದು. ಒದ್ದೆ ಮಣ್ಣಾದರೆ ಲೀಟರಿಗೆ ಒಂದೂವರೆ ಕಿಲೋ ತೂಗಬಹುದು. ತುಂಬ ತುಂಬಿದರೆ 120 ಕಿಲೋ ದಾಟುತ್ತದೆ. ತಟ್ಟೆ ಎಷ್ಟು ಹಿಡಿಯುತ್ತದೆ ಎಂಬುದು ಬೇರೆ, ಮೈ ಎಷ್ಟು ತಾಳುತ್ತದೆ ಎಂಬುದು ಬೇರೆ.

ಇನ್ನು ಬೆಲೆ. ಅಲ್ಲಿ ಸಾಧಾರಣ ಗಾಡಿಗಳು ಹೆಚ್ಚಾಗಿ 40ರಿಂದ 100 ಪೌಂಡುಗಳ ನಡುವೆ ಸಿಗುತ್ತವೆ. ಮೂರು ಚಳಿಗಾಲಕ್ಕೆ ಮುರಿಯುವ 40 ಪೌಂಡಿನ ಗಾಡಿಗೆ ವರ್ಷಕ್ಕೆ ಹದಿಮೂರು ಪೌಂಡು ಬಿತ್ತು. ಹದಿನೈದು ವರ್ಷ ಬಾಳುವ 90 ಪೌಂಡಿನ ಗಾಡಿಗೆ ವರ್ಷಕ್ಕೆ ಆರು. ನೆಲ ನಮ್ಮದಲ್ಲ ಎಂಬ ಪತಿಯ ವಾದ ನನಗೆ ಒಪ್ಪಿಗೆಯಿಲ್ಲ. ನೆಲ ಬಿಟ್ಟರೂ ಗಾಡಿ ನಮ್ಮದೇ. ಗಟ್ಟಿಯಾದ ಗಾಡಿಗೆ ಕೈ ಬದಲಾದಾಗಲೂ ಬೆಲೆಯಿದೆ. ಹೊಸದೇ ಆಗಬೇಕೆಂದೇನೂ ಇಲ್ಲ. ಕಟ್ಟಡದವರು ಬಳಸಿ ಬಿಟ್ಟ ಗಾಡಿಯ ತಟ್ಟೆಯಲ್ಲಿ ಸಿಮೆಂಟಿನ ಕಲೆ ಇದ್ದರೆ ಇರಲಿ. ಚೌಕಟ್ಟು ನೆಟ್ಟಗಿದ್ದರೆ ಹೊಸ ಗಾಲಿಯೊಂದನ್ನು ಹಾಕಿ ಅರ್ಧ ಬೆಲೆಯಲ್ಲಿ ಮುಗಿಸಬಹುದು. ಬ್ಯಾಟರಿಯ ಗಾಡಿಗಳೂ ಬಂದಿವೆ. ಎರಡೂವರೆ ಗುಂಟೆಗೆ ಅದು ಅನಾವಶ್ಯಕ ವೆಚ್ಚವೆಂದೇ ನನ್ನ ಭಾವನೆ. ಕೊಂಡ ಮೇಲೆ ಗೊಬ್ಬರ ಸಾಗಿಸಿದ ದಿನ ತೊಳೆದಿಡುವುದು, ಮಳೆನೀರು ನಿಲ್ಲದಂತೆ ಎತ್ತಿ ಒರಗಿಸಿಡುವುದು, ವರ್ಷಕ್ಕೆರಡು ಸಲ ಅಚ್ಚಿಗೆ ಗ್ರೀಸ್ ಹಚ್ಚಿ ಬೋಲ್ಟು ಬಿಗಿ ಮಾಡುವುದು, ಇಷ್ಟೇ ಅದರ ಸೇವೆ. ನಮ್ಮ ಹಿತ್ತಲಿನ ಗಾಡಿ ಇಷ್ಟೇ ಸೇವೆಯಲ್ಲಿ ಹದಿನೆಂಟು ವರ್ಷಗಳಿಂದ ನಡೆಯುತ್ತಿದೆ; ಎರಡು ಟೈರು, ಒಂದು ಅಚ್ಚು ಬದಲಾಗಿವೆ.

ಈಗ ಆ ಷರತ್ತಿನ ಮಾತಿಗೆ ಬರುತ್ತೇನೆ. ಆಕೆಯ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: "ಗಾಡಿ ತಳ್ಳುವವಳು ಹೆಚ್ಚಾಗಿ ಅಮ್ಮನೇ. ಬೇಡವೆಂದರೆ ಕೇಳುವುದಿಲ್ಲ." ಗಾಡಿಯ ಬೆಲೆ, ಬಣ್ಣ, ಗಾಲಿಗಳ ಬಗ್ಗೆ ಒಂದು ಪುಟ ಬರೆದವಳು ಮುಖ್ಯ ಸಂಗತಿಯನ್ನು ಕೊನೆಗೆ ಇಟ್ಟಿದ್ದಳು.

ಆ ತಾಯಿಯನ್ನು ನಾನು ಬಲ್ಲೆ. ಗಂಡ ತೀರಿಕೊಂಡ ಮೇಲೆ ಬೇರೆಯವರ ತೋಟಗಳಲ್ಲಿ ದುಡಿದು ಮಗಳನ್ನು ಓದಿಸಿದವರು. ಬೇಸಿಗೆಯಲ್ಲಿ ತಿಪ್ಪೆಯಿಂದ ತೋಟಕ್ಕೆ ಗೊಬ್ಬರ ಹೊರುವ ಕೆಲಸ. ಸಿಂಬೆಯ ಮೇಲೆ ಮಂಕರಿ, ಮಂಕರಿಯಲ್ಲಿ ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲದ ಹಸಿ ಗೊಬ್ಬರ, ಸೆರಗಿನ ಮೇಲೆ ಇಳಿಯುವ ಅದರ ನೀರು. ಬೆಳಗಿನಿಂದ ಹೊತ್ತು ಏರುವವರೆಗೆ ನಲವತ್ತು, ಐವತ್ತು ಸಲ. ಗಂಡಸರು ತಿಪ್ಪೆಯಲ್ಲಿ ನಿಂತು ಗುದ್ದಲಿಯಿಂದ ತುಂಬಿಕೊಡುತ್ತಿದ್ದರು. ಹೊರುವುದು ಹೆಂಗಸರ ಪಾಲು. ಕೂಲಿ ಗಂಡಸರಿಗೇ ಹೆಚ್ಚು. ಆ ಊರಿನ ಎಷ್ಟೋ ಹೆಂಗಸರು ಐವತ್ತು ದಾಟುವ ಮೊದಲೇ ಕತ್ತು ತಿರುಗಿಸಲಾರದೆ, ಕರೆದರೆ ಮೈಯನ್ನೇ ತಿರುಗಿಸಿ ನೋಡುವವರಾಗಿದ್ದರು. ಈ ತಾಯಿಗೂ ಕತ್ತಿನ ಮೂಳೆ ಸವೆದಿದೆ ಎಂದು ಅಲ್ಲಿನ ವೈದ್ಯರು ಹೇಳಿದ್ದಾರಂತೆ. ಆದರೂ ಪರದೇಶದ ಮನೆಯೊಳಗೆ ಕುಳಿತು ಬೇಸತ್ತ ಆ ಜೀವಕ್ಕೆ ಎರಡೂವರೆ ಗುಂಟೆ ಮಣ್ಣು ಸಿಕ್ಕಿದ್ದೇ ಮರುಹುಟ್ಟು ಬಂದಂತಾಗಿದೆ. ಬೇಡವೆಂದು ತಡೆಯುವುದು ಸರಿಯಲ್ಲ; ಏನನ್ನು ಎಷ್ಟು ಎತ್ತಬಹುದು ಎಂದು ವೈದ್ಯರನ್ನೇ ಕೇಳಿ, ಅಷ್ಟಕ್ಕೆ ತಕ್ಕ ಗಾಡಿ ಕೊಡುವುದು ಸರಿ.

ಹಾಗಾದರೆ ಮುದುಕಿಗೆ ಚಿಕ್ಕ ಗಾಡಿ ಕೊಳ್ಳೋಣವೇ? ಹಲವರು ಹಾಗೆಯೇ ಯೋಚಿಸುತ್ತಾರೆ. ಸನ್ನೆ ಬೇರೆ ಹೇಳುತ್ತದೆ. ಚಿಕ್ಕ ಗಾಡಿಗೆ ಹಿಡಿಯೂ ಗಿಡ್ಡ, ಗಾಲಿಯೂ ಚಿಕ್ಕದು. ಹೊರೆ ಕಡಿಮೆಯಾದರೂ ಅದರಲ್ಲಿ ಕೈಗೆ ಬರುವ ಪಾಲು ಹೆಚ್ಚು, ಚಿಕ್ಕ ಗಾಲಿ ಪ್ರತಿಯೊಂದು ಗುಳಿಯಲ್ಲೂ ನಿಲ್ಲುತ್ತದೆ. ದೊಡ್ಡ ಗಾಲಿಯ, ಉದ್ದ ಹಿಡಿಯ ಗಾಡಿಯನ್ನು ಅರ್ಧ ಮಾತ್ರ ತುಂಬಿ, ತುಂಬಿದ್ದನ್ನು ಮುಂದಕ್ಕೆ ಸರಿಸಿದರೆ, ಮೂವತ್ತು ಕಿಲೋ ಹೊರೆಗೆ ಒಂದೊಂದು ಕೈಗೆ ಐದು ಕಿಲೋ ಬಂದೀತು. ಅದರ ಮೇಲೆ ಗಾಡಿಯ ಸ್ವಂತ ಭಾರದ ಪಾಲು ಸ್ವಲ್ಪ. ಆದರೆ ಆರಡಿ ಎತ್ತರದವರ ಕೈಗೆ ಹೊಂದಿದ ಹಿಡಿಗಳು ಐದಡಿಯೂ ಇಲ್ಲದ ಹೆಂಗಸಿಗೆ ಹೊಂದದೆ ಹೋಗಬಹುದು. ಹಿಡಿ ಹಿಡಿದು ನೆಟ್ಟಗೆ ನಿಂತಾಗ ತೋಳು ಬಹುಮಟ್ಟಿಗೆ ನೀಳವಾಗಿಯೇ ಇದ್ದು ಗಾಡಿಯ ಕಾಲು ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಏಳಬೇಕು. ಮೊಣಕೈ ಮಡಿಸಿ ಎತ್ತಬೇಕಾದ ಗಾಡಿ ಎಷ್ಟೇ ಗಟ್ಟಿಯಾಗಿದ್ದರೂ ಆಕೆಗೆ ಗಟ್ಟಿಯಲ್ಲ. ಇದೇ ನನ್ನ ಷರತ್ತು: ಗಾಡಿಯನ್ನು ದುಡ್ಡು ಕೊಡುವವರಲ್ಲ, ತಳ್ಳುವವರು ಆರಿಸಬೇಕು. ಅಂಗಡಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಅಲ್ಲಿಯೇ ಮಾರಾಟಕ್ಕಿಟ್ಟ ಗೊಬ್ಬರದ ಚೀಲ ಒಂದನ್ನೋ ಎರಡನ್ನೋ ತಟ್ಟೆಯಲ್ಲಿಟ್ಟು ಅವರಿಂದಲೇ ನಾಲ್ಕು ಹೆಜ್ಜೆ ತಳ್ಳಿಸಿ ನೋಡಬೇಕು. ಖಾಲಿ ಗಾಡಿ ಎಲ್ಲರಿಗೂ ಹಗುರವೇ.

ಗಾಡಿಯ ಜೊತೆಗೆ ದಾರಿಯೂ ಬೇಕು. ನಮ್ಮ ದೇಶದ ಕೂಲಿಯವರಿಗೆ ಕೈಗಾಡಿ ಕೊಟ್ಟರೆ, ಅದನ್ನು ತುಂಬಿ ಗಾಡಿಯ ಸಮೇತ ತಲೆಯ ಮೇಲೆ ಹೊತ್ತರು ಎಂಬ ಒಂದು ನಗೆಮಾತು ಬಹಳ ಹಿಂದಿನಿಂದ ಪ್ರಚಾರದಲ್ಲಿದೆ. ಅದನ್ನು ಕೇಳಿ ನಾನು ಎಂದೂ ನಕ್ಕವನಲ್ಲ. ಬದು ಹತ್ತಿ, ಕಾಲುವೆ ದಾಟಿ, ಕೆಸರಿನಲ್ಲಿ ಒಂದಡಿ ಅಗಲದ ಹಾದಿಯಲ್ಲಿ ಹೋಗಬೇಕಾದವರು ಗಾಲಿಯನ್ನು ಏನು ಮಾಡಬೇಕು? ಅಲ್ಲಿ ತಲೆಯೇ ಸರಿಯಾದ ವಾಹನ. ದಾರಿ ಮಾಡಿಕೊಡದೆ ಗಾಡಿ ಕೊಟ್ಟವನ ದಡ್ಡತನವನ್ನು ಹೊತ್ತವರ ದಡ್ಡತನವೆಂದು ಹೇಳಿ ನಗುವುದು ದೊಡ್ಡವರಿಗೆ ರೂಢಿ. ಲೆಸ್ಟರಿನ ಪಾತಿಗೂ ಈ ಮಾತು ಸಲ್ಲುತ್ತದೆ. ಗಾಡಿ ಬರುವ ಮೊದಲು ಎರಡಡಿ ಅಗಲದ ದಾರಿ ಬಿಟ್ಟು, ಮರದ ಚಕ್ಕೆ ಹಾಸಿ ಗಟ್ಟಿ ಮಾಡಬೇಕು. ಮರ ಕಡಿಯುವವರು ಅದನ್ನು ಬಹಳ ಕಡೆ ಬಿಟ್ಟಿಯಾಗಿಯೇ ಸುರಿದು ಹೋಗುತ್ತಾರೆ.

ನಮ್ಮ ಊರುಗಳಲ್ಲಿ ಇಂದಿಗೂ ಗೊಬ್ಬರ ತಲೆಯ ಮೇಲೆಯೇ ಹೋಗುವುದನ್ನು ನಾನು ಕಾಣುತ್ತಿದ್ದೇನೆ. ತೋಟಕ್ಕೆ ಹನಿ ನೀರಾವರಿ ಬಂತು, ಕಳೆ ಕೊಚ್ಚುವ ಯಂತ್ರ ಬಂತು, ಔಷಧಿ ಹೊಡೆಯಲು ಮೋಟಾರು ಬಂತು. ಇವೆಲ್ಲ ಹೆಚ್ಚಾಗಿ ಗಂಡಸರ ಕೈಯ ಕೆಲಸಗಳು ಎಂಬುದನ್ನು ಗಮನಿಸಿ. ಹೆಂಗಸರ ತಲೆಯ ಮೇಲಿನ ಮಂಕರಿ ಕೆಳಗಿಳಿದು ಪ್ಲಾಸ್ಟಿಕ್ ಬುಟ್ಟಿ ಬಂತು, ಅಷ್ಟೇ ಬದಲಾವಣೆ. ಒಂದು ಒಳ್ಳೆಯ ಕೈಗಾಡಿಗೆ ನಮ್ಮಲ್ಲಿ ಕೆಲವು ಸಾವಿರ ರೂಪಾಯಿ ಆಗಬಹುದು, ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿಗಿಂತ ಕಡಿಮೆ. ಹೆಂಗಸರಿಗೆ ಅಭ್ಯಾಸವಿಲ್ಲ, ಅವರೇ ಬೇಡವೆನ್ನುತ್ತಾರೆ ಎಂದು ತೋಟದ ಯಜಮಾನರು ಹೇಳುವುದನ್ನು ಕೇಳಿದ್ದೇನೆ. ಕೆಲಸ ಬೇಗ ಮುಗಿದರೆ ಕೂಲಿ ಕಡಿಮೆಯಾದೀತೆಂಬ ಅವರ ಭಯವನ್ನು ಯಜಮಾನರು ಕೇಳಿಸಿಕೊಂಡಿಲ್ಲ. ಗಾಡಿ ಕೊಡಿ, ದಾರಿ ಮಾಡಿ, ದಿನದ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಮುರಿಯಬೇಡಿ. ಆಮೇಲೆ ಯಾರು ಬೇಡವೆನ್ನುತ್ತಾರೋ ನೋಡೋಣ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಿಮಗೆಲ್ಲ ಪಾಠ ಹೇಳಿದವನು ನಾನು. ಕೈ ಕೆಸರಾಗುವುದಕ್ಕೆ ನನ್ನ ಅಡ್ಡಿಯಿಲ್ಲ; ಆದರೆ ಕತ್ತು ಸವೆಯಬೇಕಾದ ಅಗತ್ಯ ಯಾರಿಗೂ ಇಲ್ಲ. ಯುಗಾದಿ ಕಳೆದು ಮಳೆ ಹಿಡಿಯುವುದರೊಳಗೆ ತೋಟಗಳಿಗೆ ಗೊಬ್ಬರ ಹೋಗುವ ಕಾಲ ಬರುತ್ತದೆ. ನಿಮ್ಮಲ್ಲಿ ತೋಟವಿರುವವರು ಈ ಸಲ ತಿಪ್ಪೆಯ ಮುಂದೆ ಒಂದು ಘಳಿಗೆ ನಿಂತು, ಎಷ್ಟು ಮಂಕರಿ, ಎಷ್ಟು ದೂರ, ಯಾರ ತಲೆ ಎಂದು ಲೆಕ್ಕ ಮಾಡಿ. ಮಾಡಿದ ಲೆಕ್ಕವನ್ನು ನನಗೂ ಬರೆದು ತಿಳಿಸಿ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಮೇಜಿನ ಮೇಲಿದೆ.